ಕೈಯಲ್ಲಿ ಎಷ್ಟು ವಾರ ಉಳಿದಿದೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಾರುಕಟ್ಟೆ ಮುಗ್ಗರಿಸಿದಾಗ ಉದ್ಯಮ ಉಳಿಸಿಕೊಳ್ಳುವ ಬಗೆ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಉದಾಹರಣೆಗಳಲ್ಲಿ ಬರೀ ಸಂಖ್ಯೆ ಇದೆ, ನಾಣ್ಯದ ಹೆಸರಿಲ್ಲ. ನಿಮ್ಮ ವಹಿವಾಟಿಗೆ ತಕ್ಕಷ್ಟು ಸೊನ್ನೆ ಸೇರಿಸಿಕೊಳ್ಳಿ.

ಪ್ರಶ್ನೆ: ಉಡುಪು ಹೊಲಿದುಕೊಡುವ ಸಣ್ಣ ಘಟಕ ನಮ್ಮದು. ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣುತ್ತದೆ, ಸಂಬಳದ ದಿನ ಮಾತ್ರ ಖಾತೆಯಲ್ಲಿ ದುಡ್ಡಿರುವುದಿಲ್ಲ. ಈಗ ಆರ್ಡರುಗಳೂ ಇಳಿಯುತ್ತಿವೆ. ಇನ್ನೆಷ್ಟು ದಿನ ತಡೆದುಕೊಳ್ಳಬಹುದು ಎಂದು ತಿಳಿಯುವುದು ಹೇಗೆ?

ಉತ್ತರ: ಲಾಭ-ನಷ್ಟದ ಪಟ್ಟಿಯಿಂದ ಇದು ತಿಳಿಯುವುದಿಲ್ಲ. ಬಿಲ್ ಬರೆದ ದಿನವೇ ಅದು ಮಾರಾಟವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ದುಡ್ಡು ಬರುವುದು ಎರಡು ತಿಂಗಳಾದ ಮೇಲೆ. ಸಾಲದ ಅಸಲಿನ ಕಂತು ಆ ಪಟ್ಟಿಯಲ್ಲಿ ಖರ್ಚೇ ಅಲ್ಲ, ಆದರೂ ಖಾತೆಯಿಂದ ಹೋಗುತ್ತದೆ. ನಿಮಗೆ ಬೇಕಿರುವುದು 13 ವಾರಗಳ ನಗದು ಪಟ್ಟಿ. 13 ವಾರ ಅಂದರೆ ಮೂರು ತಿಂಗಳು. ಸಂಬಳ, ಬಾಡಿಗೆ, ಕಂತು, ತೆರಿಗೆ ಎಲ್ಲವೂ ಕನಿಷ್ಠ ಒಂದು ಸಲವಾದರೂ ಅದರೊಳಗೆ ಬಂದುಹೋಗುತ್ತವೆ. ಅದಕ್ಕಿಂತ ಮುಂದೆ ನೋಡಿದರೆ ಬರೀ ಊಹೆ.

ಅಡ್ಡಕ್ಕೆ 13 ಕಾಲಂ, ಉದ್ದಕ್ಕೆ ನಾಲ್ಕೇ ಭಾಗ: ವಾರದ ಆರಂಭದಲ್ಲಿ ಇದ್ದ ಹಣ, ಬರುವ ಹಣ, ಹೋಗುವ ಹಣ, ವಾರದ ಕೊನೆಗೆ ಉಳಿದದ್ದು. ಕಷ್ಟವಿರುವುದು ‘ಬರುವ ಹಣ’ ತುಂಬುವುದರಲ್ಲಿ. ಗಿರಾಕಿ ಒಪ್ಪಿಕೊಂಡ ಗಡುವನ್ನು ಅಲ್ಲಿ ಬರೆಯಬೇಡಿ. ಪ್ರತಿ ಗಿರಾಕಿಯ ಕಳೆದ ಹತ್ತು ಬಿಲ್‌ಗಳನ್ನು ತೆಗೆದು, ಬಿಲ್ಲಿನ ತಾರೀಕಿಗೂ ದುಡ್ಡು ಜಮಾ ಆದ ತಾರೀಕಿಗೂ ಎಷ್ಟು ದಿನ ಅಂತರವಿದೆ ಎಂದು ಎಣಿಸಿ. ‘30 ದಿನ’ ಎಂದವರು 52 ದಿನಕ್ಕೆ ಕೊಡುತ್ತಿದ್ದರೆ ಪಟ್ಟಿಯಲ್ಲಿ 52 ದಿನವೇ ಇರಲಿ. ಇನ್ನೂ ಕೈಗೆ ಬರದ ಆರ್ಡರಿನ ಹಣಕ್ಕೆ ಇಲ್ಲಿ ಜಾಗವೇ ಇಲ್ಲ.

ತಿಂಗಳ ಲೆಕ್ಕದಲ್ಲಿ ಕಾಣದ್ದು ಇಲ್ಲಿ ಹೇಗೆ ಕಾಣುತ್ತದೆ ನೋಡಿ. ಐದನೇ ವಾರದ ಆರಂಭಕ್ಕೆ ಕೈಯಲ್ಲಿ 18 ಇದೆ, ವಸೂಲಿ 14 ಬರುತ್ತದೆ. ಬಟ್ಟೆ-ದಾರಕ್ಕೆ 9, ಸಂಬಳಕ್ಕೆ 22, ಕಂತಿಗೆ 8, ಒಟ್ಟು 39 ಹೋಗಬೇಕು. ಅಲ್ಲಿಗೆ 7 ಕೊರತೆ. ಆರನೇ ವಾರ 20 ಬಂದು 6 ಹೋಗುತ್ತದೆ, ಖಾತೆ ಮತ್ತೆ 7ರಷ್ಟು ಮೇಲೆ ಬರುತ್ತದೆ. ತಿಂಗಳ ಕೊನೆಯ ಬಾಕಿ ನೋಡುವವರಿಗೆ ಎಲ್ಲ ಸರಿಯಾಗಿಯೇ ಇದ್ದಂತೆ ತೋರುತ್ತದೆ. ಐದನೇ ವಾರದ ಸಂಬಳ ನಿಂತದ್ದು ಏಕೆ ಎಂಬುದು ಮಾತ್ರ ಯಾರಿಗೂ ಅರ್ಥವಾಗುವುದಿಲ್ಲ. ಐದು ವಾರ ಮೊದಲೇ ಗೊತ್ತಾದರೆ ಪರಿಹಾರ ಸಣ್ಣದು: ಬಟ್ಟೆ ಖರೀದಿಯನ್ನು ಎರಡು ವಾರಕ್ಕೆ ಹಂಚುವುದು, ಒಬ್ಬ ಗಿರಾಕಿಯಿಂದ ಅಡ್ವಾನ್ಸ್ ಕೇಳುವುದು, ಕಂತಿನ ತಾರೀಕು ಬದಲಿಸಿಕೊಳ್ಳುವುದು. ಹಿಂದಿನ ದಿನ ಗೊತ್ತಾದರೆ ಕೈಸಾಲವೊಂದೇ ದಾರಿ.

ಪ್ರತಿ ವಾರ ಒಂದೇ ದಿನ, ಒಬ್ಬರೇ ಕೂತು ಅಂದಾಜಿನ ಪಕ್ಕದಲ್ಲಿ ನಿಜವಾಗಿ ಬಂದ ಅಂಕಿ ಬರೆಯಬೇಕು. ಮೂರು ವಾರ ಸತತವಾಗಿ ವಸೂಲಿ ಅಂದಾಜಿನ ಶೇ. 80ರಷ್ಟೇ ಬಂದಿದ್ದರೆ ಮುಂದಿನ ಹತ್ತೂ ವಾರದ ವಸೂಲಿಯನ್ನು 0.8ರಿಂದ ಗುಣಿಸಿ. ಇದಕ್ಕೆ ಮನಸ್ಸು ಒಪ್ಪುವುದಿಲ್ಲ, ಆದರೂ ಮಾಡಿ.

ಈ ಪಟ್ಟಿ ಕೆಡುವುದು ಹೆಚ್ಚಾಗಿ ಮೂರು ಕಡೆ. ವರ್ಷಕ್ಕೊಮ್ಮೆ ಬರುವ ವಿಮೆ, ಪರವಾನಗಿ ಶುಲ್ಕ ಮರೆತುಹೋಗುತ್ತವೆ. ಗಿರಾಕಿಯಿಂದ ವಸೂಲು ಮಾಡಿದ ತೆರಿಗೆಯನ್ನು ನಮ್ಮದೇ ದುಡ್ಡೆಂದು ಎಣಿಸಿರುತ್ತೇವೆ. ಮೂರನೆಯದು, ಓವರ್‌ಡ್ರಾಫ್ಟ್ ಮಿತಿಯನ್ನು (ಖಾತೆಯಲ್ಲಿ ಇಲ್ಲದಿದ್ದರೂ ತೆಗೆಯಲು ಬ್ಯಾಂಕ್ ಬಿಡುವ ಮೊತ್ತ) ಕೈಯಲ್ಲಿರುವ ನಗದಿನ ಜೊತೆ ಸೇರಿಸುವುದು. ಅದು ಬ್ಯಾಂಕಿನ ಹಣ. ಸಂಕಷ್ಟದ ಕಾಲದಲ್ಲಿ ಬ್ಯಾಂಕುಗಳು ಮೊದಲು ಮೊಟಕುಗೊಳಿಸುವುದೇ ಬಳಸದೆ ಉಳಿದ ಮಿತಿಯನ್ನು.

ಅಂದಹಾಗೆ, ನೀವೊಬ್ಬರೇ ಹೀಗಿಲ್ಲ. ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಅಧ್ಯಯನ ಸಂಸ್ಥೆ 2016ರಲ್ಲಿ ಅಮೆರಿಕದ ಸುಮಾರು 6 ಲಕ್ಷ ಸಣ್ಣ ಉದ್ಯಮಗಳ ಖಾತೆ ಪರಿಶೀಲಿಸಿತು. ಬರುವ ಹಣ ಪೂರ್ತಿ ನಿಂತರೆ ನಡುಮಟ್ಟದ ಉದ್ಯಮ (ಅರ್ಧ ಉದ್ಯಮಗಳ ಸ್ಥಿತಿ ಅದಕ್ಕಿಂತ ಕೆಟ್ಟದು, ಅರ್ಧದ್ದು ಮೇಲು) ತಡೆದುಕೊಳ್ಳುತ್ತಿದ್ದದ್ದು 27 ದಿನ. ರೆಸ್ಟೋರೆಂಟುಗಳು ಬರೀ 16 ದಿನ.

ಪ್ರಶ್ನೆ: ಮಾರಾಟ ಶೇ. 40 ಬಿದ್ದಿದೆ. ಪಕ್ಕದವರು ಬೆಲೆ ಇಳಿಸಿದ್ದಾರೆ. ನಾವೂ ಶೇ. 10 ಇಳಿಸಿದರೆ ಗಿರಾಕಿ ವಾಪಸ್ ಬರುತ್ತಾರಾ?

ಉತ್ತರ: ಬರಬಹುದು. ಬಂದರೆ ಸಾಕಾಗುತ್ತದೆಯೇ ಎಂಬುದನ್ನು ಮೊದಲು ಲೆಕ್ಕ ಹಾಕೋಣ.

ಒಂದು ವಸ್ತುವಿನ ಬೆಲೆ 100, ಅದರ ಕಚ್ಚಾ ಮಾಲು, ಪ್ಯಾಕಿಂಗ್, ಸಾಗಣೆ ಸೇರಿ 70 ಎಂದಿಟ್ಟುಕೊಳ್ಳಿ. ಒಂದು ಮಾರಿದರೆ ಕೈಗೆ 30. ಬಾಡಿಗೆ, ಸಂಬಳ, ಬಡ್ಡಿಯಂಥ ಸ್ಥಿರ ಖರ್ಚು ತಿಂಗಳಿಗೆ 2400. ಮೊದಲು 100 ಮಾರುತ್ತಿದ್ದಿರಿ: 3000 ಬಂದು 600 ಉಳಿಯುತ್ತಿತ್ತು. ಈಗ 60 ಮಾರುತ್ತೀರಿ: 1800 ಬರುತ್ತದೆ, 600 ಕೈಯಿಂದ ಹೋಗುತ್ತದೆ. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಲು 80 ಮಾರಬೇಕು.

ಬೆಲೆಯನ್ನು 90ಕ್ಕೆ ಇಳಿಸಿದಿರಿ ಅನ್ನಿ. ಒಂದಕ್ಕೆ ಸಿಗುವುದು ಈಗ 20. 2400 ತುಂಬಿಸಲು 120 ಮಾರಬೇಕು. ಒಳ್ಳೆಯ ದಿನಗಳಲ್ಲೇ ನೀವು 120 ಮಾರಿರಲಿಲ್ಲ. ಬೆಲೆ ಇಳಿದದ್ದು ಹತ್ತು ಪಾಲಿನಲ್ಲಿ ಒಂದು, ನಿಮ್ಮ ಗಳಿಕೆ ಇಳಿದದ್ದು ಮೂರರಲ್ಲಿ ಒಂದು. ಪಕ್ಕದವರು ಈ ಲೆಕ್ಕ ಹಾಕಿರಲಿಕ್ಕಿಲ್ಲ. ಅಥವಾ ಅವರ ವೆಚ್ಚ 70 ಅಲ್ಲ, 50 ಇರಬಹುದು. ಹಾಗಿದ್ದರೆ ಅವರ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿದರೆ ಗೆಲ್ಲುವುದಿಲ್ಲ.

ಬೆಲೆಯನ್ನು ಹಾಗೇ ಬಿಟ್ಟು ಸ್ಥಿರ ಖರ್ಚನ್ನು 2400ರಿಂದ 1800ಕ್ಕೆ ತಂದರೆ 60 ಮಾರಿದರೂ ನಿಲ್ಲಬಹುದು. ಕಾಲು ಭಾಗ ಕಡಿತ ಎಂದರೆ ಸಣ್ಣದಲ್ಲ, ನಿಜ. ದೊಡ್ಡ ಮೊತ್ತಗಳಿಂದಲೇ ಶುರುಮಾಡಿ: ಅರ್ಧ ಜಾಗ ಬಿಟ್ಟುಕೊಡುವುದು ಅಥವಾ ಬಾಡಿಗೆಗೆ ಹಂಚಿಕೊಳ್ಳುವುದು, ಸಾಗಣೆಯ ಸ್ವಂತ ವಾಹನ ಮಾರಿ ಟ್ರಿಪ್ ಲೆಕ್ಕಕ್ಕೆ ಗಾಡಿ ಕರೆಸುವುದು, ತಿಂಗಳ ನಿಗದಿ ಶುಲ್ಕದ ಸೇವೆಗಳನ್ನು ಬಳಸಿದಷ್ಟಕ್ಕೆ ಕೊಡುವ ಲೆಕ್ಕಕ್ಕೆ ಬದಲಿಸುವುದು. ಕಾಗದ, ಚಹಾ, ದೀಪದ ಖರ್ಚಿನ ಮೇಲೆ ಕಣ್ಣಿಡುವುದರಿಂದ ಜನರ ಮುಖ ಬಾಡುತ್ತದೆ, ಮೊತ್ತ ಇಳಿಯುವುದಿಲ್ಲ. ಮೂರಕ್ಕೆ ಮಾತ್ರ ಕತ್ತರಿ ಹಾಕಬೇಡಿ: ಯಂತ್ರಗಳ ನಿರ್ವಹಣೆ, ಗುಣಮಟ್ಟದ ತಪಾಸಣೆ, ಬಾಕಿ ವಸೂಲಿ ನೋಡುವ ಸಿಬ್ಬಂದಿ.

ಬೆಲೆ ಇಳಿಸುವುದು ಎರಡು ಸಂದರ್ಭಗಳಲ್ಲಿ ಸರಿ. ಆರು ತಿಂಗಳಿಂದ ಅಲುಗಾಡದ ದಾಸ್ತಾನಿದ್ದರೆ ಅಸಲಿನ ಬಗ್ಗೆ ಯೋಚಿಸದೆ ಮಾರಿ, ಜಾಗವೂ ದುಡ್ಡೂ ಬಿಡುಗಡೆಯಾಗುತ್ತವೆ. ಇನ್ನೊಂದು, ಮುಂಗಡ ಕೊಡುವವರಿಗೆ ಶೇ. 2-3 ರಿಯಾಯಿತಿ, ಅದು ಮೇಲಿನ ಉತ್ತರದ ಐದನೇ ವಾರದಂಥ ಕೊರತೆಯನ್ನು ದಾಟಿಸುತ್ತದೆ.

ಪ್ರಶ್ನೆ: ಎಲ್ಲರಿಗೂ ಕೊಡುವಷ್ಟು ಹಣ ಇಲ್ಲದಾಗ ಯಾರಿಗೆ ಮೊದಲು ಕೊಡಬೇಕು? ಸರಕು ಪೂರೈಸುವವರ ಫೋನ್ ಎತ್ತಲು ಭಯವಾಗುತ್ತಿದೆ.

ಉತ್ತರ: ಜೋರಾಗಿ ಕೇಳಿದವರಿಗೆ ಮೊದಲು ಕೊಡುವುದು ಎಲ್ಲ ಕಡೆ ಆಗುವ ತಪ್ಪು. ಸಂಬಳ, ನೌಕರರಿಂದ ಕಡಿತ ಮಾಡಿಟ್ಟ ಹಣ ಮತ್ತು ಗಿರಾಕಿಯಿಂದ ಸಂಗ್ರಹಿಸಿದ ತೆರಿಗೆ ಮೊದಲು. ಕೊನೆಯ ಎರಡು ನಿಮ್ಮ ಹಣವೇ ಅಲ್ಲ. ಅದನ್ನು ಬಳಸಿಕೊಂಡರೆ ಹಲವು ದೇಶಗಳ ಕಾನೂನಿನಲ್ಲಿ ಹೊಣೆ ಮಾಲೀಕರ ಮೈಮೇಲೇ ಬರುತ್ತದೆ. ಆಮೇಲೆ, ಯಾರು ನಿಲ್ಲಿಸಿದರೆ ಮರುದಿನ ಕೆಲಸ ನಿಲ್ಲುತ್ತದೋ ಅವರು. ಆಮೇಲೆ ಆಸ್ತಿ ಅಡವಿಟ್ಟ ಸಾಲ. ಉಳಿದವರಿಗೆ ಕಂತಿನಲ್ಲಿ. ಈ ಕ್ರಮದಲ್ಲಿ ನಿಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂದು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

ಫೋನ್ ಎತ್ತದಿರುವುದು ಬಾಕಿಗಿಂತ ಹೆಚ್ಚು ಕೆಡಿಸುತ್ತದೆ. ಗಡುವು ಮೀರುವ ಮೊದಲೇ ನೀವೇ ಕರೆ ಮಾಡಿ, ಅದೇ ದಿನ ಮೂರು ಸಾಲು ಬರೆದು ಕಳಿಸಿ: ‘ನಿಮಗೆ ಕೊಡಬೇಕಾದದ್ದು 40. ಇವತ್ತು 10 ಕಳಿಸಿದ್ದೇನೆ. ಉಳಿದ 30 ಅನ್ನು ತಲಾ 10ರಂತೆ ಮುಂದಿನ ಮೂರು ತಿಂಗಳ 12ನೇ ತಾರೀಕಿಗೆ ಕೊಡುತ್ತೇನೆ.’ ಕಾರಣಗಳನ್ನು ಪುಟಗಟ್ಟಲೆ ಬರೆಯಬೇಡಿ, ಅವರಿಗೆ ಬೇಕಿರುವುದು ತಾರೀಕು. ನಗದು ಪಟ್ಟಿ 5ನೇ ತಾರೀಕಿಗೆ ಆಗುತ್ತದೆ ಅಂದರೆ 12 ಎಂದು ಹೇಳಿ. ಒಮ್ಮೆ ತಡವಾದರೆ ಜನ ಕ್ಷಮಿಸುತ್ತಾರೆ, ತಾವಾಗಿ ಕೊಟ್ಟ ಎರಡನೇ ಮಾತು ತಪ್ಪಿದರೆ ನಂಬಿಕೆ ಹೋಗುತ್ತದೆ. ಆಮೇಲೆ ಸರಕು ನಗದಿಗೆ ಮಾತ್ರ.

ಬ್ಯಾಂಕಿನ ಹತ್ತಿರವೂ ಕಂತು ತಪ್ಪುವ ಮೊದಲೇ ಹೋಗಬೇಕು. ತಪ್ಪಿದ ಮೇಲೆ ಕಡತ ಬೇರೆ ಮೇಜಿಗೆ ಹೋಗಿರುತ್ತದೆ. 13 ವಾರದ ಪಟ್ಟಿ, ಬಾಕಿದಾರರ ಪಟ್ಟಿ (ಯಾರು, ಎಷ್ಟು, ಎಷ್ಟು ದಿನದಿಂದ), ನೀವು ಈಗಾಗಲೇ ಮಾಡಿದ ಕಡಿತಗಳ ಪಟ್ಟಿ ಜೊತೆಗಿರಲಿ. ‘ಏನಾದರೂ ಸಹಾಯ ಮಾಡಿ’ ಎಂದು ಕೇಳಬೇಡಿ. ಆರು ತಿಂಗಳು ಬಡ್ಡಿ ಮಾತ್ರ ಕಟ್ಟುವ ಅವಕಾಶ ಬೇಕು ಎಂದು ಕೇಳಿ. ಉಳಿದ ಸಾಲ 120, ತಿಂಗಳಿಗೆ ಅಸಲು 5, ಬಡ್ಡಿ ತಿಂಗಳಿಗೆ ಶೇ. 1 ಇದ್ದರೆ ಕಟ್ಟುವುದು 6.2 ಇದ್ದದ್ದು 1.2ಕ್ಕೆ ಇಳಿಯುತ್ತದೆ. ಸಾಲದ ಅವಧಿ ಉದ್ದವಾಗುತ್ತದೆ, ಒಟ್ಟು ಬಡ್ಡಿ ಹೆಚ್ಚುತ್ತದೆ. ಉಸಿರಾಡಲು ಸಮಯ ಸಿಗುವುದು ಆ ಬೆಲೆಗೆ.

ಪ್ರಶ್ನೆ: ನಮ್ಮ ಉತ್ಪಾದನೆಯ ಶೇ. 60 ಒಬ್ಬರೇ ಗಿರಾಕಿಗೆ ಹೋಗುತ್ತದೆ. ಒಂದು ಮುಖ್ಯ ಬಿಡಿಭಾಗವೂ ಒಬ್ಬರಿಂದಲೇ ಬರುತ್ತದೆ. ಇದುವರೆಗೆ ತೊಂದರೆ ಆಗಿಲ್ಲ. ಬದಲಿಸಬೇಕೇ?

ಉತ್ತರ: ಬಿಡಿಭಾಗದ ವಿಷಯ ಮೊದಲು. 2000ನೇ ಇಸವಿಯ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿ ಸಿಡಿಲಿನಿಂದ ವಿದ್ಯುತ್ ಏರುಪೇರಾಗಿ ಫಿಲಿಪ್ಸ್‌ನ ಚಿಪ್ ಕಾರ್ಖಾನೆಯಲ್ಲಿ ಬೆಂಕಿ ಹೊತ್ತಿತು. ಸುಮಾರು ಹತ್ತು ನಿಮಿಷದಲ್ಲಿ ಆರಿತು. ಆದರೆ ಹೊಗೆ ಮತ್ತು ನೀರಿನಿಂದ ಚಿಪ್ ತಯಾರಿಸುವ ಶುಚಿ ಕೋಣೆಗಳು ಕೆಟ್ಟವು. ನೋಕಿಯಾ, ಎರಿಕ್ಸನ್ ಎರಡೂ ಅಲ್ಲಿಂದಲೇ ಮೊಬೈಲ್ ಚಿಪ್ ತರಿಸುತ್ತಿದ್ದವು. ಒಂದು ವಾರ ತಡವಾಗುತ್ತದೆ ಎಂಬ ಸುದ್ದಿಯನ್ನು ನೋಕಿಯಾ ಹಾಗೇ ನಂಬಲಿಲ್ಲ. ಆ ಚಿಪ್‌ಗಳ ಮೇಲೆ ದಿನವೂ ಕಣ್ಣಿಟ್ಟಿತು, ಫಿಲಿಪ್ಸ್‌ನ ಬೇರೆ ಕಾರ್ಖಾನೆಗಳ ಸಾಮರ್ಥ್ಯವನ್ನೂ ಬೇರೆ ತಯಾರಕರನ್ನೂ ಹಿಡಿದುಕೊಂಡಿತು. ಎರಿಕ್ಸನ್ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಪರ್ಯಾಯ ಉಳಿದಿರಲಿಲ್ಲ. ಅದು ಕಳೆದುಕೊಂಡ ಮಾರಾಟ ಸುಮಾರು 40 ಕೋಟಿ ಡಾಲರ್. ಬೆಂಕಿ ಇಬ್ಬರಿಗೂ ಒಂದೇ, ಸುದ್ದಿ ಒಳಗೆ ಮೇಲಕ್ಕೆ ತಲುಪಿದ ವೇಗ ಬೇರೆ. ನಿಮ್ಮಲ್ಲಿ ಸರಕು ಒಂದು ದಿನ ತಡವಾದರೆ ಅದು ಗೋದಾಮಿನವರಿಗೆ ಮಾತ್ರ ಗೊತ್ತಿರುತ್ತದೆಯೋ, ನಿಮಗೂ ಅದೇ ದಿನ ಗೊತ್ತಾಗುತ್ತದೆಯೋ, ಮೊದಲು ಅದನ್ನು ನೋಡಿ.

ಎಲ್ಲ ವಸ್ತುವಿಗೂ ಹೆಚ್ಚು ದಾಸ್ತಾನು ಬೇಡ. ದುಡ್ಡು ಕಪಾಟಿನಲ್ಲಿ ಕೂರುತ್ತದೆ. ಯಾವುದು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೋ ಅದಕ್ಕೆ ಮಾತ್ರ ಲೆಕ್ಕ ಹಾಕಿ. ಬದಲಿ ತಯಾರಕರಿಂದ ಮಾದರಿ ಬರಲು 8 ದಿನ, ಪರೀಕ್ಷೆಗೆ 10, ಮೊದಲ ಆರ್ಡರ್ ತಯಾರಾಗಿ ಬರಲು 17, ಒಟ್ಟು 35 ದಿನ. ದಿನಕ್ಕೆ 8 ಬೇಕಾದರೆ 280 ಕೈಯಲ್ಲಿರಬೇಕು. ಮಾದರಿ ತರಿಸಿ ಪರೀಕ್ಷೆ ಮಾಡುವುದನ್ನು ಈಗಲೇ ಮುಗಿಸಿಟ್ಟರೆ 17 ದಿನದ 136 ಸಾಕು. ಅಂದರೆ ಶಾಂತವಾಗಿರುವಾಗ ಮಾಡಿದ ಒಂದು ಪರೀಕ್ಷೆ ಅರ್ಧಕ್ಕಿಂತ ಹೆಚ್ಚು ದಾಸ್ತಾನನ್ನು ಉಳಿಸುತ್ತದೆ. ಪರೀಕ್ಷೆ ಮಾಡಿಬಿಟ್ಟರೆ ಮುಗಿಯಲಿಲ್ಲ. ಆರ್ಡರಿನ ಶೇ. 15-20 ಆ ಎರಡನೆಯವರಿಗೆ ಹೋಗುತ್ತಿರಬೇಕು. ಒಂದೂ ಆರ್ಡರ್ ಕೊಡದೆ ಹೆಸರು ಬರೆದಿಟ್ಟುಕೊಂಡವರು ಎಲ್ಲರಿಗೂ ಕೊರತೆ ಬಂದಾಗ ನಿಮ್ಮನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತಾರೆ. ಇಬ್ಬರೂ ಒಬ್ಬರೇ ಮೂರನೆಯವರಿಂದ ಕಚ್ಚಾ ಮಾಲು ತರಿಸುತ್ತಾರೆಯೇ ಎಂದೂ ಕೇಳಿಕೊಳ್ಳಿ.

ಎರಡು ಮೂಲ ಇಲ್ಲದೆಯೂ ಉಳಿದ ಉದಾಹರಣೆ ಇದೆ. ಫೆಬ್ರವರಿ 1, 1997ರಂದು ಜಪಾನಿನ ಐಸಿನ್ ಸೇಕಿಯ ಕಾರ್ಖಾನೆ ಸುಟ್ಟುಹೋದಾಗ ಟೊಯೋಟಾದ ಬ್ರೇಕ್ ವಾಲ್ವ್‌ಗಳು ಬಹುಪಾಲು ಅಲ್ಲಿಂದಲೇ ಬರುತ್ತಿದ್ದವು, ಕೈಯಲ್ಲಿದ್ದ ದಾಸ್ತಾನು ಕೆಲವೇ ಗಂಟೆಗಳದ್ದು. ಹೊಲಿಗೆ ಯಂತ್ರ ಮಾಡುವ ಬ್ರದರ್ ಸೇರಿದಂತೆ ಹತ್ತಾರು ಕಂಪನಿಗಳು ನಕ್ಷೆ ಪಡೆದು ವಾಲ್ವ್ ತಯಾರಿಸಿ ಕೊಟ್ಟವು, ಕೆಲವೇ ದಿನಗಳಲ್ಲಿ ಕಾರುಗಳು ಮತ್ತೆ ಹೊರಬಂದವು. ನಕ್ಷೆ ನಿಮ್ಮ ಕೈಯಲ್ಲಿರಬೇಕು ಎಂಬುದನ್ನು ಇದರಿಂದ ಕಲಿಯಿರಿ. ಅಳತೆ, ಲೋಹದ ದರ್ಜೆ, ಅಚ್ಚಿನ ಮಾಲೀಕತ್ವ ಪೂರೈಕೆದಾರರ ಬಳಿ ಮಾತ್ರ ಇದ್ದರೆ ನೆರವಿಗೆ ಬಂದವರಿಗೂ ಕೈಕಟ್ಟುತ್ತದೆ.

ಇನ್ನು ಆ ದೊಡ್ಡ ಗಿರಾಕಿ. ಒಂದು ಪ್ರಯೋಗ ಮಾಡಿ: 13 ವಾರದ ಪಟ್ಟಿಯಿಂದ ಅವರ ಸಾಲನ್ನು ಪೂರ್ತಿ ಅಳಿಸಿ. ಯಾವ ವಾರ ಸಂಬಳ ನಿಲ್ಲುತ್ತದೆ? ಎರಡನೇ ವಾರ ಎಂದಾದರೆ ಅವರ ಉದ್ರಿಗೆ ಮಿತಿ ಬೇಕು. ಎರಡು ತಿಂಗಳಿಗೊಮ್ಮೆ ಬರುವ ದೊಡ್ಡ ಮೊತ್ತದ ಬದಲು ಎರಡು ವಾರಕ್ಕೊಮ್ಮೆ ಸಣ್ಣ ಬಿಲ್ ಕೇಳಿ. ಮಿತಿ ದಾಟಿದ ದಿನ ಹೊಸ ಸರಕು ಹೊರಡಬಾರದು. ಅವರನ್ನು ಬಿಡಬೇಕಿಲ್ಲ, ಶೇ. 60 ಅನ್ನು ಒಂದೇ ವರ್ಷದಲ್ಲಿ 30ಕ್ಕೆ ಇಳಿಸುತ್ತೇನೆ ಎಂದು ಹೊರಡುವುದೂ ಬೇಡ.

ಪ್ರಶ್ನೆ: ಉಳಿತಾಯವನ್ನೆಲ್ಲ ಹಾಕಿದ್ದೇನೆ. ಮನೆ ಅಡವಿಟ್ಟರೆ ಇನ್ನೂ ಆರು ತಿಂಗಳು ನಡೆಸಬಹುದು. ಹಾಕಬೇಕೇ, ನಿಲ್ಲಿಸಬೇಕೇ?

ಉತ್ತರ: ಆರು ತಿಂಗಳಲ್ಲಿ ಏನು ಬದಲಾಗುತ್ತದೆ ಎಂದು ಒಂದು ವಾಕ್ಯದಲ್ಲಿ ಬರೆಯಲಾಗದಿದ್ದರೆ ಬೇಡ. ‘ಮಾರುಕಟ್ಟೆ ಸರಿಹೋಗುತ್ತದೆ’ ಎಂಬುದು ಉತ್ತರವಲ್ಲ. ‘ಮೂರನೇ ತಿಂಗಳಿಗೆ ಸಹಿಯಾದ ಈ ಎರಡು ಆರ್ಡರುಗಳ ಹಣ ಬರುತ್ತದೆ’ ಎಂಬುದು ಉತ್ತರ.

ಅನುಭವಿ ಉದ್ಯಮಿಗಳು ತೀರ್ಮಾನ ತೆಗೆದುಕೊಳ್ಳುವ ರೀತಿ ಅಧ್ಯಯನ ಮಾಡಿದ ಸರಸ್ ಸರಸ್ವತಿ ಅವರು 2001ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಮುಖ್ಯ ಮಾತಿದೆ: ಎಷ್ಟು ಗಳಿಸಬಹುದು ಎಂಬುದರ ಬದಲು ಎಷ್ಟು ಕಳೆದುಕೊಂಡರೂ ಬದುಕಬಹುದು ಎಂಬುದರಿಂದ ಅವರು ಶುರುಮಾಡುತ್ತಾರೆ. ಮುಂದೇನಾಗುತ್ತದೋ ತಿಳಿಯದ ಕಾಲದಲ್ಲಿ ಗಳಿಕೆ ಊಹೆ, ಕಳೆದುಕೊಳ್ಳುವ ಮೊತ್ತ ನಿಮ್ಮ ಕೈಯಲ್ಲೇ ಇದೆ. ಮನೆ, ಮಕ್ಕಳ ಓದಿನ ಹಣ, ಮುಪ್ಪಿನ ಉಳಿತಾಯ ಈ ಗೆರೆಯಿಂದ ಆಚೆ ಇರಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಾಲಕ್ಕೆ ವೈಯಕ್ತಿಕ ಜಾಮೀನು ಕೇಳಿದರೂ ಅದು ಮನೆ ಅಡವಿಟ್ಟಷ್ಟೇ ಭಾರದ್ದು. ಕೊಡಲೇಬೇಕಾದರೆ ಮೊತ್ತಕ್ಕೂ ಅವಧಿಗೂ ಮಿತಿ ಬರೆಸಿಕೊಳ್ಳಿ.

ನಿಲ್ಲಿಸುವ ಗೆರೆಯನ್ನು ಇಂದೇ ಕಾಗದದ ಮೇಲೆ ಹಾಕಿ. ಮೂರು ಅಂಶ ಸಾಕು: ಒಂದು ತಾರೀಕು, ಇನ್ನು ಹಾಕಬಹುದಾದ ಗರಿಷ್ಠ ಮೊತ್ತ, ಆ ತಾರೀಕಿನೊಳಗೆ ಕಾಣಲೇಬೇಕಾದ ಒಂದು ಗುರುತು (ಉದಾಹರಣೆಗೆ, ತಿಂಗಳಿಗೆ 80 ವಸ್ತುಗಳ ಮಾರಾಟ). ಆ ಕಾಗದವನ್ನು ಉದ್ಯಮದಲ್ಲಿ ಪಾಲಿಲ್ಲದ ಒಬ್ಬರ ಕೈಗೆ ಕೊಡಿ. ಎಲ್ಲ ಸಾಲ ತೀರಿಸಿ ಸಂಬಳ ಚುಕ್ತಾ ಮಾಡಿ ಮುಚ್ಚಲು ಎಷ್ಟು ಬೇಕೋ ಅಷ್ಟು ಹಣ ಖಾತೆಯಲ್ಲಿ ಇರುವಾಗಲೇ ನಿಲ್ಲಿಸುವ ಹಕ್ಕು ನಿಮಗಿದೆ. ಅದಕ್ಕಿಂತ ಕೆಳಗೆ ಇಳಿದರೆ ಮುಚ್ಚುವ ತೀರ್ಮಾನವೂ ಸಾಲ ಕೊಟ್ಟವರದ್ದೇ.

ಪ್ರಶ್ನೆ: ಹತ್ತು ಜನರಲ್ಲಿ ಮೂವರನ್ನು ಕಳಿಸಬೇಕಾಗಿದೆ. ಒಬ್ಬೊಬ್ಬರನ್ನೇ ಕಳಿಸಿದರೆ ನೋವು ಕಡಿಮೆ ಆಗುತ್ತದಲ್ಲವೇ?

ಉತ್ತರ: ನಿಮಗೆ ಕಡಿಮೆ, ಉಳಿದವರಿಗೆ ಹೆಚ್ಚು. ಮೊದಲನೆಯವರು ಹೋದ ದಿನದಿಂದ ಮುಂದಿನವರು ಯಾರು ಎಂಬ ಲೆಕ್ಕಾಚಾರ ನಡೆಯುತ್ತದೆ, ಬೇರೆ ಕೆಲಸ ಸುಲಭವಾಗಿ ಸಿಗುವ ಒಳ್ಳೆಯ ಕೆಲಸಗಾರರು ತಾವಾಗಿ ಹೊರಡುತ್ತಾರೆ. ಮೊದಲು ಕೆಲಸದ ಗಂಟೆ ಕಡಿಮೆ ಮಾಡುವುದು, ಮಾಲೀಕರ ಸಂಬಳ ನಿಲ್ಲಿಸುವುದು ಸಾಧ್ಯವೇ ನೋಡಿ. ಆಗದಿದ್ದರೆ ಒಂದೇ ಸಲ, ಒಂದೇ ದಿನ, ಕಾರಣ ಹೇಳಿ. ಮೇ 2020ರಲ್ಲಿ, ಪ್ರವಾಸಿಗರಿಗೆ ಮನೆ-ಕೋಣೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಸುಮಾರು 7,500 ನೌಕರರಲ್ಲಿ 1,900 ಮಂದಿಯನ್ನು ಕೈಬಿಟ್ಟಾಗ ಮುಖ್ಯಸ್ಥರ ಪತ್ರದಲ್ಲಿ ಆಯ್ಕೆಯ ಕ್ರಮ, ಕೊಡುವ ಪರಿಹಾರ, ಕೊನೆಯ ದಿನ ಎಲ್ಲವೂ ಬರೆದಿತ್ತು. ಹತ್ತು ಜನರ ಘಟಕಕ್ಕೂ ಆ ಮೂರು ವಿವರ ಬೇಕು. ಉಳಿದ ಏಳು ಮಂದಿಗೆ ‘ಇನ್ನು ಯಾರೂ ಹೋಗುವುದಿಲ್ಲ’ ಎಂದು ಹೇಳಬೇಡಿ. 13 ವಾರದ ಪಟ್ಟಿ ಎಲ್ಲಿಯವರೆಗೆ ತೋರಿಸುತ್ತದೋ ಅಲ್ಲಿಯವರೆಗಿನ ಮಾತು ಮಾತ್ರ ಕೊಡಿ.

ಪ್ರಶ್ನೆ: ಹಳೆಯ ಉತ್ಪನ್ನ ಹೋಗುತ್ತಿಲ್ಲ. ನಾಲ್ಕೈದು ಹೊಸದನ್ನು ಒಟ್ಟಿಗೆ ಶುರುಮಾಡಿದರೆ ಯಾವುದಾದರೂ ಒಂದು ಕೈಹಿಡಿಯುತ್ತದೆ ಎನ್ನುತ್ತಾರೆ ಸ್ನೇಹಿತರು.

ಉತ್ತರ: ಜೋಡಿಸುವ ಆಟಿಕೆ ಇಟ್ಟಿಗೆಗಳನ್ನು ಮಾಡುವ ಲೆಗೊ ಕಂಪನಿ ಹಾಗೆ ಮಾಡಿಯೇ 2003ರಲ್ಲಿ ಭಾರೀ ನಷ್ಟಕ್ಕೆ ಬಿದ್ದದ್ದು. ಮನರಂಜನಾ ಉದ್ಯಾನ, ಬಟ್ಟೆ, ವಿಡಿಯೊ ಆಟ ಎಂದು ಹರಡಿಕೊಂಡಿತ್ತು. ಬಿಡಿ ಇಟ್ಟಿಗೆಗಳ ಬಗೆಗಳೇ 12 ಸಾವಿರ ದಾಟಿದ್ದವು. 2004ರಲ್ಲಿ ಬಂದ ಹೊಸ ಮುಖ್ಯಸ್ಥ ಯೋರ್ಗನ್ ವಿಗ್ ಕ್ನುಡ್‌ಸ್ಟೋರ್ಪ್ ಮನರಂಜನಾ ಉದ್ಯಾನಗಳ ಬಹುಪಾಲನ್ನು ಮಾರಿದರು, ಬಗೆಗಳನ್ನು ಸುಮಾರು 7 ಸಾವಿರಕ್ಕೆ ಇಳಿಸಿದರು. ಕಂಪನಿ ಎದ್ದು ನಿಂತದ್ದು ಹಳೆಯ ಇಟ್ಟಿಗೆಯ ಮೇಲೇ.

ನಿಮ್ಮ ಪಟ್ಟಿಯಲ್ಲಿ ಒಂದೊಂದು ಉತ್ಪನ್ನ ಕೊಡುವ ಗಳಿಕೆಯನ್ನೂ ಅದು ಹಿಡಿದಿಟ್ಟ ದಾಸ್ತಾನನ್ನೂ ಅಕ್ಕಪಕ್ಕ ಬರೆದು ಕೊನೆಯ ಮೂರನ್ನು ನಿಲ್ಲಿಸಿ. ಹೊಸದೊಂದನ್ನೇ ಆರಿಸಿ, ಅದಕ್ಕೆ ಆರು ವಾರ, ಕೈಯಲ್ಲಿರುವ ನಗದಿನ ಶೇ. 5. ತಯಾರಿಸುವ ಮೊದಲು ಹತ್ತು ಜನರಿಂದ ಮುಂಗಡ ಕೇಳಿ. ‘ಚೆನ್ನಾಗಿದೆ, ತಂದಾಗ ಹೇಳಿ’ ಎನ್ನುವವರನ್ನು ಎಣಿಸಬೇಡಿ. ಹತ್ತರಲ್ಲಿ ಕನಿಷ್ಠ ನಾಲ್ವರಾದರೂ ಹಣ ಕೊಡದಿದ್ದರೆ ಬೆಲೆಯನ್ನೋ ಗಿರಾಕಿಯನ್ನೋ ಬದಲಿಸಿ ಒಮ್ಮೆ ನೋಡಿ, ಆಗಲೂ ಆಗದಿದ್ದರೆ ಬಿಡಿ.

ಪ್ರಶ್ನೆ: ಈ ಸಲ ಹೇಗೋ ಪಾರಾದೆವು. ಮುಂದಿನ ಆಪತ್ತು ಯಾವುದೆಂದೇ ತಿಳಿಯದೆ ತಯಾರಿ ಮಾಡುವುದು ಹೇಗೆ?

ಉತ್ತರ: ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ಎರಡನ್ನು ಬೇರೆ ಮಾಡಿದ್ದರು: ಸಂಭವ ಎಷ್ಟೆಂದು ಲೆಕ್ಕ ಹಾಕಬಹುದಾದ ಅಪಾಯ ಒಂದು, ಲೆಕ್ಕಕ್ಕೇ ಸಿಗದ ಅನಿಶ್ಚಿತತೆ ಇನ್ನೊಂದು. ಬೆಂಕಿ, ಕಳವು ಮೊದಲನೆಯವು, ಅವಕ್ಕೆ ವಿಮೆ ಇದೆ. ಎರಡನೆಯದಕ್ಕೆ ವಿಮೆ ಸಿಗುವುದು ಕಷ್ಟ. ಅಲ್ಲಿ ಕೆಲಸಕ್ಕೆ ಬರುವುದು ಕಾರಣ ಯಾವುದಾದರೂ ಸರಿ ಎನ್ನುವಂಥ ತಯಾರಿ: ಮೂರು ತಿಂಗಳ ಸ್ಥಿರ ಖರ್ಚಿನಷ್ಟು ಹಣ, ಅದೂ ವ್ಯವಹಾರದ ಖಾತೆಗಿಂತ ಬೇರೆ ಖಾತೆಯಲ್ಲಿ. ಒಮ್ಮೆಗೇ ಆಗುವುದಿಲ್ಲ. ವಸೂಲಾದ ಪ್ರತಿ ಬಿಲ್ಲಿನಿಂದ ಶೇ. 3 ಅದೇ ದಿನ ಆಚೆ ಹೋಗುವಂತೆ ಮಾಡಿ.

ಜೊತೆಗೆ ವರ್ಷಕ್ಕೆರಡು ಸಲ ಒಂದು ಗಂಟೆಯ ಸಭೆ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ವಿವರಿಸಿದ ಕ್ರಮ ಇದು: ‘ಇವತ್ತಿಗೆ ಒಂದು ವರ್ಷ ಕಳೆದಿದೆ, ನಮ್ಮ ಉದ್ಯಮ ಮುಚ್ಚಿದೆ. ಏಕೆ ಮುಚ್ಚಿತು?’ ಎಂದು ಕೇಳಿ, ಹತ್ತು ನಿಮಿಷ ಪ್ರತಿಯೊಬ್ಬರೂ ಮಾತಾಡದೆ ಬರೆಯಬೇಕು. ಆಮೇಲೆ ಒಬ್ಬೊಬ್ಬರು ಒಂದೊಂದು ಕಾರಣ ಓದಬೇಕು, ಮಾಲೀಕರು ಕೊನೆಗೆ. ‘ಮುಚ್ಚಬಹುದೇ’ ಎಂದು ಕೇಳಿದರೆ ಎಲ್ಲರೂ ‘ಇಲ್ಲ ಸರ್’ ಎನ್ನುತ್ತಾರೆ; ‘ಮುಚ್ಚಿದೆ’ ಎಂದು ಶುರುಮಾಡಿದರೆ ಗೋದಾಮಿನ ಹುಡುಗನೂ ಬಾಯಿ ಬಿಡುತ್ತಾನೆ. ಬಂದ ಕಾರಣಗಳಲ್ಲಿ ಎರಡನ್ನು ಆರಿಸಿ, ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ತಾರೀಕು ಬರೆಯಿರಿ. ಹದಿನೈದು ಕಾರಣ ಹಿಡಿದುಕೊಂಡು ಹೊರಟರೆ ಮುಂದಿನ ಸಭೆಯಲ್ಲೂ ಅವೇ ಹದಿನೈದು ಇರುತ್ತವೆ.